ಕಾಶ್ಮೀರ ಪ್ರವಾಸ ರದ್ದು ಮಾಡಿ ದುಡ್ಡು ವಾಪಸ್ ಪಡೆದದ್ದು: ನನ್ನ ಅನುಭವ

2025ರ ಮೇ 9ಕ್ಕೆ ನಾವು ನಾಲ್ವರು ಬೆಂಗಳೂರಿನಿಂದ ಶ್ರೀನಗರಕ್ಕೆ ಹೊರಡುವವರಿದ್ದೆವು. ವಿಮಾನ, ಹೋಟೆಲ್, ಕಾರು ಎಲ್ಲ ಸೇರಿದ ಪ್ಯಾಕೇಜ್. ಟ್ರಾವೆಲ್ ಏಜೆನ್ಸಿಯೊಂದಕ್ಕೆ ಪೂರ್ತಿ ಹಣ ಕಟ್ಟಿಯಾಗಿತ್ತು. ಏಪ್ರಿಲ್ 22ರಂದು ಪಹಲ್ಗಾಮ್‌ನ ಬೈಸರನ್‌ನಲ್ಲಿ ಉಗ್ರರು 26 ಜನರನ್ನು ಕೊಂದರು. ನಮ್ಮ ಶಿವಮೊಗ್ಗದಿಂದ ರಜೆಗೆಂದು ಹೋದವರೂ ಅದರಲ್ಲಿದ್ದರು. ಆಮೇಲೆ ನಮ್ಮ ಮನೆಯಲ್ಲಿ ಹೊರಡುವ ಮಾತೇ ಎದ್ದಿಲ್ಲ.

ಅಂಥ ಹೊತ್ತಿನಲ್ಲಿ ದುಡ್ಡಿನ ಮಾತೆತ್ತಲು ಯಾರಿಗೂ ಸಂಕೋಚವೇ. ಆದರೆ ಅದು ವರ್ಷವಿಡೀ ಕೂಡಿಟ್ಟ ದುಡ್ಡು. ಸಂಕೋಚಪಟ್ಟು ಸುಮ್ಮನಿದ್ದಷ್ಟೂ ದಿನ ಕಳೆಯುತ್ತದೆ, ಕಡಿತ ಏರುತ್ತದೆ.

ನಾನು ಮೊದಲು ಮಾಡಿದ್ದು ಏಜೆನ್ಸಿ ಕೊಟ್ಟ ವೋಚರ್, ಅಂದರೆ ಬುಕಿಂಗಿನ ಷರತ್ತುಗಳಿರುವ ಪತ್ರ ತೆಗೆದು ಓದಿದ್ದು. ಹೊರಡುವುದಕ್ಕೆ 15 ದಿನಕ್ಕಿಂತ ಮುಂಚೆ ರದ್ದು ಮಾಡಿದರೆ ಹೋಟೆಲ್, ಕಾರಿನ ಮೊತ್ತದಲ್ಲಿ ಶೇ 25 ಕಡಿತ, ಅಲ್ಲಿಂದ ಮುಂದೆ ಶೇ 50, ಕೊನೆಯ ವಾರದಲ್ಲಾದರೆ ಏನೂ ವಾಪಸ್ ಇಲ್ಲ ಎಂದಿತ್ತು. ಏಪ್ರಿಲ್ 23ರಂದೇ ಇಮೇಲ್ ಕಳಿಸಿದೆ. ಏಜೆನ್ಸಿಯವರು ಫೋನಿನಲ್ಲಿ, 'ಎರಡು ದಿನ ಕಾಯಿರಿ ಸಾರ್, ಎಲ್ಲ ತಣ್ಣಗಾಗುತ್ತೆ' ಎನ್ನುತ್ತಿದ್ದರು. ಆ ಎರಡು ದಿನ ಕಾದಿದ್ದರೆ ಶೇ 50ರ ಸಾಲಿಗೆ ಬೀಳುತ್ತಿದ್ದೆವು. ಬಾಯಿಮಾತಿಗೆ ತಾರೀಖು ಇರುವುದಿಲ್ಲ, ಇಮೇಲ್‌ಗೆ ಇರುತ್ತದೆ.

ಆದರೆ ಆ ಇಮೇಲ್‌ನಲ್ಲಿ ನಾನು ವಿಮಾನದ ಟಿಕೆಟ್ ರದ್ದು ಮಾಡಲು ಹೇಳಲಿಲ್ಲ. 'ಹೋಟೆಲ್ ಮತ್ತು ಕಾರು ಮಾತ್ರ ರದ್ದು ಮಾಡಿ, ಟಿಕೆಟ್ ಹಾಗೇ ಇರಲಿ' ಎಂದು ಸ್ಪಷ್ಟವಾಗಿ ಬರೆದೆ. ಇಡೀ ವ್ಯವಹಾರದಲ್ಲಿ ನನಗೆ ಅತಿ ಹೆಚ್ಚು ಹಣ ಉಳಿಸಿದ್ದು ಈ ಒಂದು ಸಾಲು. ಹೋಟೆಲಿನ ಕಡಿತ ದಿನ ಕಳೆದಂತೆ ಏರುತ್ತದೆ. ನಮ್ಮ ಟಿಕೆಟ್‌ನ ರದ್ದತಿ ಶುಲ್ಕವಾದರೋ ಹೊರಡುವ ಎರಡು ದಿನ ಮುಂಚಿನವರೆಗೂ ಒಂದೇ ಇತ್ತು. ಕಾದರೆ ನಷ್ಟವಿಲ್ಲ. ನಾವಾಗಿ ರದ್ದು ಮಾಡಿದರೆ ಶುಲ್ಕ ನಮ್ಮ ತಲೆಗೆ. ವಿಮಾನ ಕಂಪನಿಯೇ ಹಾರಾಟ ರದ್ದು ಮಾಡಿದರೆ ಪೂರ್ತಿ ಹಣ ವಾಪಸ್. ಕೆಲವು ಕಂಪನಿಗಳು ಶುಲ್ಕ ಮನ್ನಾ ಮಾಡಿದ್ದು ಏಪ್ರಿಲ್ 30ರವರೆಗಿನ ಶ್ರೀನಗರ ಪ್ರಯಾಣಕ್ಕೆ ಮಾತ್ರ, ಅದು ನಮಗೆ ಸಿಗುತ್ತಿರಲಿಲ್ಲ. ಮೇ 7ರಂದು ಆಪರೇಷನ್ ಸಿಂಧೂರ್ ಸುದ್ದಿ ಬಂದ ಬೆಳಿಗ್ಗೆಯೇ ಶ್ರೀನಗರ ವಿಮಾನ ನಿಲ್ದಾಣ ಮುಚ್ಚಿತು. ನಮ್ಮ ವಿಮಾನವನ್ನು ಕಂಪನಿಯೇ ರದ್ದು ಮಾಡಿತು. ಮುಂದೆ ಉತ್ತರ ಮತ್ತು ಪಶ್ಚಿಮ ಭಾರತದ 32 ನಿಲ್ದಾಣಗಳನ್ನು ಮುಚ್ಚಿ, ಮೇ 12ಕ್ಕೆ ಮತ್ತೆ ತೆರೆದರು.

ಅಂಥದ್ದೇನೂ ಆಗದೆ ನಾವೇ ರದ್ದು ಮಾಡಬೇಕಾಗಿ ಬಂದಿದ್ದರೂ ಒಂದಿಷ್ಟು ಹಣ ಬರಬೇಕಿತ್ತು. ವಿಮಾನಯಾನದ ಮೇಲ್ವಿಚಾರಣೆ ನಡೆಸುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದ ಪ್ರಕಾರ ರದ್ದತಿ ಶುಲ್ಕವು ಮೂಲ ದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತವನ್ನು ಮೀರುವಂತಿಲ್ಲ. ತೆರಿಗೆ, ವಿಮಾನ ನಿಲ್ದಾಣದ ಬಳಕೆದಾರರ ಶುಲ್ಕ ಇವನ್ನು ರೀಫಂಡ್ ಇಲ್ಲದ ಅಗ್ಗದ ಟಿಕೆಟ್‌ಗೂ ಹಿಂದಿರುಗಿಸಬೇಕು. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ.

ನಿಜವಾದ ಜಗ್ಗಾಟ ಶುರುವಾದದ್ದು ಆಮೇಲೆ. 'ಏರ್‌ಲೈನ್‌ನಿಂದ ಇನ್ನೂ ಬಂದಿಲ್ಲ' ಎಂದು ಏಜೆನ್ಸಿಯವರು ದಿನ ದೂಡುತ್ತಿದ್ದರು. ನಾನು ಪಿಎನ್‌ಆರ್ ಹಿಡಿದು ನೇರವಾಗಿ ವಿಮಾನ ಕಂಪನಿಗೇ ಕೇಳಿದೆ. ಹಣ ಏಜೆಂಟರ ಖಾತೆಗೆ ಹೋಗಿ ಆಗಲೇ ವಾರ ಕಳೆದಿತ್ತು. ಮೊತ್ತ, ತಾರೀಖು ಎರಡನ್ನೂ ಇಮೇಲ್‌ನಲ್ಲಿ ತರಿಸಿಕೊಂಡು ಏಜೆನ್ಸಿಗೆ ಕಳಿಸಿದೆ. ಏಜೆಂಟರ ಮೂಲಕ ಕೊಂಡ ಟಿಕೆಟ್‌ಗೂ ರೀಫಂಡ್ ಹೊಣೆ ವಿಮಾನ ಕಂಪನಿಯದ್ದೇ ಎಂದು ಡಿಜಿಸಿಎ ಹೇಳಿದೆ, ಆದ್ದರಿಂದ ಅದೇ ಇಮೇಲನ್ನು ಕಂಪನಿಗೂ ಪ್ರತಿ ಹಾಕಿದೆ. ಟಿಕೆಟ್ ಹಣ ಬಂತು.

ಹೋಟೆಲ್ ಮತ್ತು ಕಾರಿನ ಹಣಕ್ಕೆ ಮಾತ್ರ ಕ್ರೆಡಿಟ್ ನೋಟ್ ಕೊಡುತ್ತೇವೆ, ಒಂದು ವರ್ಷದೊಳಗೆ ಬೇರೆ ಪ್ರವಾಸ ಮಾಡಿ ಎಂದರು. ವೋಚರ್‌ನಲ್ಲಿ ಕ್ರೆಡಿಟ್ ನೋಟ್ ಎಂಬ ಮಾತೇ ಇರಲಿಲ್ಲ. ಆ ಪುಟದ ಫೋಟೋ ಜೊತೆ, 'ನಿಮ್ಮ ಷರತ್ತಿನಂತೆ ಶೇ 25 ಕಳೆದು ಉಳಿದದ್ದನ್ನೂ, ಅದರ ಮೇಲೆ ವಸೂಲಿ ಮಾಡಿದ ಜಿಎಸ್‌ಟಿಯನ್ನೂ ಹಿಂದಿರುಗಿಸಿ' ಎಂದು ಬರೆದೆ. ಉತ್ತರ ಬರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಬಹುದು. ಅವರು ದೂರನ್ನು ದಾಖಲಿಸಿ ಒಂದು ಸಂಖ್ಯೆ ಕೊಡುತ್ತಾರೆ, ದೂರನ್ನು ಎದುರಿನವರಿಗೆ ಕಳಿಸುತ್ತಾರೆ. ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಆದರೂ ಆ ಸಂಖ್ಯೆ ನಮೂದಿಸಿದ ಇಮೇಲ್ ಹೋದ ಮೇಲೆ ಏಜೆನ್ಸಿಯ ದನಿ ಬದಲಾಯಿತು, ಹಣವೂ ಬಂತು.

ಅಂದ ಹಾಗೆ, ದಾಲ್ ಸರೋವರದ ಹೌಸ್‌ಬೋಟ್ ಒಂದನ್ನು ನಾವು ಪ್ಯಾಕೇಜಿನ ಹೊರಗೆ ಮಾಲೀಕರ ಜೊತೆಗೇ ಮಾತಾಡಿ ಗೊತ್ತು ಮಾಡಿದ್ದೆವು. ಅವರು ತಾವಾಗಿಯೇ ಫೋನ್ ಮಾಡಿ ಮುಂಗಡ ಹಿಂದಿರುಗಿಸುತ್ತೇನೆ ಎಂದರು. ಬೇಡ ಎಂದೆವು. ಇಡೀ ಸೀಸನ್ನೇ ಕಳೆದುಕೊಂಡವರ ಹತ್ತಿರ ಆ ದುಡ್ಡು ಕೇಳುವುದು ನನಗೆ ಸರಿ ಕಾಣಲಿಲ್ಲ.

ಸಹಾಯವಾಣಿಯಿಂದ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 2019ರ ಕಾಯ್ದೆಯಡಿ ಏಜೆನ್ಸಿ ಎಲ್ಲೇ ಇರಲಿ, ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು, ವೋಚರ್, ಪಾವತಿ ರಸೀದಿ, ಇಮೇಲ್‌ಗಳನ್ನು ಅಲ್ಲಿಯವರೆಗೂ ಅಳಿಸಬೇಡಿ.