ಸೋಯಾ ಹಿಟ್ಟಿನಲ್ಲಿ ಕುಲಾಂತರಿ ಅಂಶ ಪತ್ತೆ ಹಚ್ಚುವುದು ಹೇಗೆ?

ಪ್ರಯೋಗಾಲಯಕ್ಕೆ ಹೊಸದಾಗಿ ಬಂದವರ ಕಣ್ಣೆಲ್ಲ ಪಿಸಿಆರ್ ಯಂತ್ರದ (ಡಿಎನ್‌ಎಯ ಬೇಕಾದ ತುಣುಕನ್ನು ಸುತ್ತು ಸುತ್ತಾಗಿ ನಕಲು ಮಾಡಿ ಹೆಚ್ಚಿಸುವ ಯಂತ್ರ) ಮೇಲಿರುತ್ತದೆ. ಆದರೆ ಕುಲಾಂತರಿ ಪರೀಕ್ಷೆ ಕೆಡುವುದು ಹೆಚ್ಚಾಗಿ ಅದಕ್ಕೂ ಮೊದಲೇ, ಹಿಟ್ಟಿನಿಂದ ಡಿಎನ್‌ಎ ತೆಗೆಯುವಾಗ. ಇದನ್ನು ನಾನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ.

ಚೀಲದ ಹಲವು ಕಡೆಯಿಂದ ಹಿಟ್ಟು ತೆಗೆದು ಚೆನ್ನಾಗಿ ಬೆರೆಸಿ. ಕಾಳಾದರೆ ನುಣ್ಣಗೆ ಪುಡಿ ಮಾಡಿ, ಪ್ರತಿ ಮಾದರಿಯ ನಂತರ ಜಾರನ್ನು ಬಿಚ್ಚಿ ತೊಳೆಯಿರಿ.

ಈಗ ಕಷ್ಟದ ಹಂತ. 200 ಮಿಲಿಗ್ರಾಂ ಪುಡಿಗೆ 1 ಮಿಲಿಲೀಟರ್ ಸಿಟಿಎಬಿ (ಕೋಶ ಒಡೆದು ಡಿಎನ್‌ಎ ಬಿಡಿಸುವ ಮಾರ್ಜಕ) ದ್ರಾವಣ ಹಾಕಿ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡಿ, ಆಗಾಗ ಅಲುಗಿಸಿ. ಹಿಟ್ಟು ದ್ರಾವಣವನ್ನೆಲ್ಲ ಹೀರಿ ಅಂಬಲಿಯಂತಾದರೆ ಇನ್ನಷ್ಟು ದ್ರಾವಣ ಸೇರಿಸಿ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಗೆ ಅಷ್ಟೇ ಪ್ರಮಾಣದ ಕ್ಲೋರೋಫಾರ್ಮ್ ಬೆರೆಸಿ ಮತ್ತೆ ತಿರುಗಿಸಿ. ಕೊಳವೆಯಲ್ಲಿ ಮೂರು ಪದರ ಕಾಣುತ್ತವೆ: ಅಡಿಯಲ್ಲಿ ಕ್ಲೋರೋಫಾರ್ಮ್, ನಡುವೆ ಕೆನೆಯಂಥ ಬಿಳಿ ಪದರ, ಮೇಲೆ ತಿಳಿ. ಡಿಎನ್‌ಎ ಇರುವುದು ತಿಳಿಯಲ್ಲಿ, ಪ್ರೋಟೀನಿನ ಕಸ ಕೆನೆಯಲ್ಲಿ. ಕೊನೆಯ ಹನಿಯವರೆಗೂ ಹೀರುವ ಆಸೆಯೇ ಎಲ್ಲವನ್ನೂ ಹಾಳುಮಾಡುತ್ತದೆ. ಪಿಪೆಟ್ಟಿನ ತುದಿಯನ್ನು ಮೇಲ್ಮೈಯಲ್ಲೇ ಇಟ್ಟು ನಿಧಾನವಾಗಿ ಹೀರಿ, ತಿಳಿಯ ಕಾಲು ಭಾಗವನ್ನು ಅಲ್ಲೇ ಬಿಡಿ. ಬಿಳಿ ಎಳೆ ಬಂತೇ? ಇನ್ನೊಮ್ಮೆ ಕ್ಲೋರೋಫಾರ್ಮ್ ಹಾಕಿ. ಬೇಗ ಮುಗಿಯುತ್ತದೆಂದು ಡಿಎನ್‌ಎ ತೆಗೆಯುವ ಅಗ್ಗದ ಕಿಟ್ ಕೊಳ್ಳುವವರಿದ್ದಾರೆ. ಸಂಸ್ಕರಿತ ಆಹಾರಕ್ಕೆ ನಾನಂತೂ ಅದನ್ನು ಬಳಸುವುದಿಲ್ಲ. ಫಿಲ್ಟರ್ ಇಲ್ಲದ ಪಿಪೆಟ್ ಟಿಪ್ಪುಗಳನ್ನು ಮಾತ್ರ ಯಾರೂ ಮುಟ್ಟಬೇಡಿ, ಒಂದು ಮಾದರಿಯ ಡಿಎನ್‌ಎ ಇನ್ನೊಂದಕ್ಕೆ ಸೇರಿಬಿಡಬಹುದು.

ಐಸೋಪ್ರೊಪನಾಲ್‌ನಿಂದ ಡಿಎನ್‌ಎಯನ್ನು ಅಡಿಗಿಳಿಸಿ, 70% ಎಥನಾಲ್‌ನಲ್ಲಿ ತೊಳೆದು, ವಾಸನೆ ಹೋಗುವಷ್ಟು ಮಾತ್ರ ಒಣಗಿಸಿ ನೀರಿನಲ್ಲಿ ಕರಗಿಸಿ.

ಕೂಡಲೇ ಕುಲಾಂತರಿ ಹುಡುಕಲು ಹೊರಡಬೇಡಿ. ಎಲ್ಲ ಸೋಯಾದಲ್ಲೂ ಇರುವ ಲೆಕ್ಟಿನ್ ವಂಶವಾಹಿಗೆ ಮೊದಲು ಪಿಸಿಆರ್ ಮಾಡಿ, ಡಿಎನ್‌ಎಯನ್ನು ಇದ್ದ ಹಾಗೆಯೂ ಹತ್ತು ಪಟ್ಟು ತೆಳುಮಾಡಿಯೂ. ತೆಳುವಾದದ್ದರ ಸಂಕೇತ ಸುಮಾರು 3.3 ಆವರ್ತ (ನಕಲು ಮಾಡುವ ಸುತ್ತು) ತಡವಾಗಿ ಏಳಬೇಕು. ಅಂತರ ಅದಕ್ಕಿಂತ ತೀರಾ ಕಡಿಮೆಯಿದ್ದರೆ ಪಿಸಿಆರನ್ನು ತಡೆಯುವ ಕಸ ಉಳಿದಿದೆ ಎಂದರ್ಥ, ಮತ್ತೆ ಶುದ್ಧಮಾಡಿ.

ನಂತರ 35ಎಸ್ ಪ್ರವರ್ತಕ (ವಂಶವಾಹಿಯನ್ನು ಚಾಲೂ ಮಾಡುವ ತುಣುಕು) ಮತ್ತು ನಾಸ್ ಸಮಾಪಕಕ್ಕೆ (ಅದರ ಕೊನೆಯನ್ನು ಸೂಚಿಸುವ ತುಣುಕು) ಪರೀಕ್ಷೆ; ಅನೇಕ ಕುಲಾಂತರಿ ಬೆಳೆಗಳಿಗೆ ಸೇರಿಸಿರುವ ಡಿಎನ್‌ಎ ತುಣುಕುಗಳಿವು. 35ಎಸ್ ಬಂದಿರುವುದು ಹೂಕೋಸಿನ ಮೊಸಾಯಿಕ್ ವೈರಸ್‌ನಿಂದ. ಆದ್ದರಿಂದ ಹಿಟ್ಟಿಗೆ ಸೋಂಕು ತಗುಲಿದ ಸಾಸಿವೆ ಬೆರೆತಿದ್ದರೂ ಅದು ಕಾಣಿಸಿಕೊಳ್ಳಬಹುದು. ಇತ್ತ ಎಂಒಎನ್ 89788 ಎಂಬ ಕುಲಾಂತರಿ ಸೋಯಾದಲ್ಲಿ ಈ ಎರಡೂ ಇಲ್ಲ! ಹಾಗಾಗಿ ತಳಿವಾರು ಪರೀಕ್ಷೆಯನ್ನು (ಒಂದೊಂದು ಕುಲಾಂತರಿ ತಳಿಯನ್ನೂ ಪ್ರತ್ಯೇಕವಾಗಿ ಹುಡುಕುವುದು) ಬಿಡುವಂತಿಲ್ಲ. ಪ್ರಮಾಣ ಬೇಕಾದರೆ ಆ ತಳಿಯ ಡಿಎನ್‌ಎ ಪ್ರತಿಗಳ ಸಂಖ್ಯೆಯನ್ನು ಲೆಕ್ಟಿನ್ ಪ್ರತಿಗಳ ಸಂಖ್ಯೆಯೊಂದಿಗೆ ಹೋಲಿಸಿ. ಆಮದು ಸೋಯಾದಲ್ಲಿ ಆಕಸ್ಮಿಕ ಬೆರಕೆಗೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿ 1%, ಯುರೋಪಿನಲ್ಲಿ ಲೇಬಲ್ ಕಡ್ಡಾಯವಾಗುವ ಮಿತಿ 0.9%.

ಸಂಸ್ಕರಿಸಿದ ಎಣ್ಣೆಯಂಥ ಮಾದರಿಯಲ್ಲಿ ಲೆಕ್ಟಿನ್ ಕೂಡ ಏಳದಿರಬಹುದು. ಆಗ ವರದಿಯಲ್ಲಿ ‘ಕುಲಾಂತರಿ ಇಲ್ಲ’ ಎಂದು ಬರೆಯಬೇಡಿ. ‘ಪರೀಕ್ಷೆಗೆ ಸಾಕಷ್ಟು ಡಿಎನ್‌ಎ ಸಿಗಲಿಲ್ಲ’ ಎಂದೇ ಬರೆಯಿರಿ.