ಏರ್ ಪಿಸ್ತೂಲಿನ ಗುರಿ ಸ್ಥಿರಗೊಂಡ ಬಗೆ

10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಯಾವ ಆಸರೆಯೂ ಇಲ್ಲದೆ ಒಂದೇ ಕೈಯಲ್ಲಿ ಗುಂಡು ಹಾರಿಸಬೇಕಾಗಿರುವುದರಿಂದ, ನನ್ನ ಗುಂಡುಗಳು ಮತ್ತೆ ಮತ್ತೆ ಎಡಗಡೆಯ ಕೆಳಭಾಗಕ್ಕೆ ಬೀಳುತ್ತಿದ್ದಾಗ ತೋಳಿನ ಬಲವೇ ಸಾಲದೆಂದು ಬಹುಕಾಲ ನಂಬಿದ್ದೆ. ಹಿಡಿಯನ್ನು ಬಿಗಿಗೊಳಿಸಿದಷ್ಟೂ ನಡುಕ ಹೆಚ್ಚಿತು.

ನಿಜವಾದ ದೋಷ ಮಣಿಕಟ್ಟಿನಲ್ಲಿತ್ತು. ಇಡೀ ಪಿಸ್ತೂಲು ದಿಕ್ಕು ಬದಲಿಸದೆ 1 ಮಿಲಿಮೀಟರ್ ಸರಿದರೆ ಗುಂಡೂ ಅಷ್ಟೇ ಸರಿಯುತ್ತದೆ. ಆದರೆ ಗುರಿ ನೋಡಲು ಪಿಸ್ತೂಲಿನ ಮೇಲೆ ಹಿಂದೆ ಒಂದು, ಮುಂದೆ ಒಂದು ಇರುವ ಸೈಟ್‌ಗಳ ನಡುವೆ 30 ಸೆಂಟಿಮೀಟರ್ ಅಂತರವಿರುವಾಗ ಮಣಿಕಟ್ಟು ಬಾಗಿ ಮುಂದಿನ ಸೈಟ್ ಹಿಂದಿನದರ ನೇರದಿಂದ 1 ಮಿಲಿಮೀಟರ್ ತಪ್ಪಿದರೆ, ಗುಂಡು ಸುಮಾರು 33 ಮಿಲಿಮೀಟರ್ ಆಚೆ ಬೀಳುತ್ತದೆ. ಹತ್ತು ಅಂಕದ ವೃತ್ತದ ವ್ಯಾಸವಾದರೋ ಕೇವಲ 11.5 ಮಿಲಿಮೀಟರ್. ಈ ಲೆಕ್ಕ ಮೊದಲೇ ತಿಳಿದಿದ್ದರೆ ತೋಳಿನ ವ್ಯಾಯಾಮಕ್ಕೆ ಅಷ್ಟು ತಿಂಗಳುಗಳನ್ನು ಕೊಡುತ್ತಿರಲಿಲ್ಲ.

ಅಂದಿನಿಂದ ಮಣಿಕಟ್ಟನ್ನು ಗಟ್ಟಿಯಾಗಿ ನಿಲ್ಲಿಸಿ, ಗುರಿಹಲಗೆ ಮಸುಕಾಗಿ ಕಂಡರೂ ಸರಿಯೆಂದು ದೃಷ್ಟಿಯನ್ನು ಮುಂದಿನ ಸೈಟ್‌ನಲ್ಲೇ ನೆಟ್ಟು, ಟ್ರಿಗರನ್ನು ಒಮ್ಮೆಲೇ ಸೆಳೆಯದೆ ಒಂದೇ ಸಮನಾದ ಒತ್ತಡದಿಂದ ಹಿಂದಕ್ಕೆ ತರುವುದನ್ನು ಅಭ್ಯಾಸ ಮಾಡಿದೆ. ಕಣ್ಣು ಮುಚ್ಚಿ ತೋಳೆತ್ತಿ, ಮತ್ತೆ ತೆರೆದಾಗ ಪಿಸ್ತೂಲು ಪಕ್ಕಕ್ಕೆ ತಿರುಗಿದ್ದರೆ ತೋಳನ್ನು ಎಳೆದು ಸರಿಪಡಿಸದೆ ಪಾದಗಳ ನಿಲುವನ್ನೇ ಬದಲಿಸಿದೆ. ಪಿಸ್ತೂಲು ಖಾಲಿಯಿದೆಯೆಂದು ಎರಡು ಬಾರಿ ಪರೀಕ್ಷಿಸಿ, ಬರಿಯ ಗೋಡೆಯ ಎದುರು ಗುಂಡಿಲ್ಲದೆ ಮಾಡಿದ ಅಭ್ಯಾಸವೇ ನನಗೆ ಹೆಚ್ಚು ನೆರವಾಯಿತು. ತೋಳಿನ ಸಣ್ಣ ತೂಗಾಟ ಇಂದಿಗೂ ಇದೆ. ಗುಂಡುಗಳು ಮಾತ್ರ ಕಪ್ಪು ವೃತ್ತದ ನಡುವೆ ಗುಂಪಾಗಿ ಬೀಳುತ್ತಿವೆ.