ಗಿಟಾರ್‌ನಲ್ಲಿ ಪೆಂಟಟೋನಿಕ್ ಸ್ಕೇಲ್: ಮೊದಲ ಬಾಕ್ಸ್‌ನಿಂದ ಆಚೆಗೆ ಹೋಗುವುದು ಹೇಗೆ?

ಪೆಂಟಟೋನಿಕ್ ಎಂದರೆ ಐದೇ ಸ್ವರಗಳ ಸ್ಕೇಲ್. ಎ ಮೈನರ್‌ನಲ್ಲಿ ಅವು ಎ, ಸಿ, ಡಿ, ಇ, ಜಿ. ಎ ಅನ್ನು ಷಡ್ಜವೆಂದು ಹಿಡಿದರೆ ಸ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ಶುದ್ಧ ಧನ್ಯಾಸಿ ಬಲ್ಲ ಕಿವಿಗೆ ಇವು ಹೊಸವಲ್ಲ.

ಗಿಟಾರ್ ಕಲಿಯುವವರಲ್ಲಿ ಹೆಚ್ಚಿನವರು ಒಂದು ಬಾಕ್ಸ್ (ಕೈ ಇಟ್ಟ ಜಾಗದಲ್ಲೇ ಸಿಗುವ ಸ್ವರಗಳ ಆಕಾರ) ಬಾಯಿಪಾಠ ಮಾಡಿ ಅಲ್ಲೇ ಸುತ್ತುತ್ತಿರುತ್ತಾರೆ. ಬೆರಳಿಗೆ ಆಕಾರ ಗೊತ್ತು, ಆದರೆ ಎ ಎಲ್ಲೆಲ್ಲಿದೆ ಎಂಬುದು ಗೊತ್ತಿಲ್ಲ. ಹಾಗಾಗಿ ಆಕಾರದ ಜೊತೆಗೇ ಆಧಾರ ಸ್ವರವನ್ನೂ ಕಲಿಯಬೇಕು.

ಮೊದಲ ಬಾಕ್ಸ್

ತೀರಾ ತೆಳ್ಳಗಿನ ತಂತಿ 1, ದಪ್ಪನೆಯದು 6. 6ನೇ ತಂತಿಯಲ್ಲಿ 5 ಮತ್ತು 8ನೇ ಫ್ರೆಟ್ (ಗಿಟಾರ್ ಕುತ್ತಿಗೆಯ ಮೇಲೆ ಅಡ್ಡ ಪಟ್ಟಿಗಳಿಂದಾದ ಮನೆ). 5, 4, 3ನೇ ತಂತಿಗಳಲ್ಲಿ 5 ಮತ್ತು 7. 2 ಮತ್ತು 1ರಲ್ಲಿ ಮತ್ತೆ 5 ಮತ್ತು 8. ಐದಕ್ಕೆ ತೋರುಬೆರಳು, ಏಳಕ್ಕೆ ಉಂಗುರಬೆರಳು, ಎಂಟಕ್ಕೆ ಕಿರುಬೆರಳು. ಕಿರುಬೆರಳಿಗೆ ಬಲವಿಲ್ಲವೆಂದು ಎಂಟಕ್ಕೂ ಉಂಗುರಬೆರಳನ್ನೇ ಚಾಚಿದರೆ ಇಡೀ ಕೈ ಜರುಗುತ್ತದೆ, ಮುಂದಿನ ಸ್ವರ ತಡವಾಗುತ್ತದೆ. ಬೆರಳು ಫ್ರೆಟ್ ಪಟ್ಟಿಯ ಹಿಂದೆ, ಅದಕ್ಕೆ ಅಂಟಿದಂತೆ ಕೂರಲಿ. ಎರಡು ಪಟ್ಟಿಗಳ ನಡುವೆ ಒತ್ತಿದರೆ ಹೆಚ್ಚು ಬಲ ಬೇಕು, ತಂತಿ ಬುರ್ರೆನ್ನುತ್ತದೆ.

ಮೆಟ್ರೊನೋಮ್ (ಲಯಕ್ಕೆ ಬಡಿತ ಕೊಡುವ ಸಾಧನ) ನಿಮಿಷಕ್ಕೆ 60 ಬೀಟ್‌ಗೆ ಇಟ್ಟು ಬೀಟ್‌ಗೆ ಎರಡು ಸ್ವರ ನುಡಿಸಿ. ಪಿಕ್ (ತಂತಿ ಮೀಟುವ ಬಿಲ್ಲೆ) ಒಮ್ಮೆ ಕೆಳಗೆ, ಒಮ್ಮೆ ಮೇಲೆ. ಸತತ ಮೂರು ಸಲ ಸ್ವಚ್ಛವಾಗಿ ಬಂದರೆ ಮಾತ್ರ ವೇಗ 5 ಹೆಚ್ಚಿಸಿ. ಹಿಂದಿನ ಸ್ವರ ಹೊಸದರ ಮೇಲೆ ಗುಂಯ್‌ಗುಡುತ್ತಿದ್ದರೆ ಬೆರಳನ್ನು ಪೂರ್ತಿ ಎತ್ತಬೇಡಿ. ಒತ್ತಡ ಬಿಟ್ಟು ತಂತಿಗೆ ತಾಕಿಸಿಟ್ಟರೆ ಸಾಕು.

ಈ ಬಾಕ್ಸ್‌ನಲ್ಲಿ ಎ ಮೂರು ಕಡೆ ಇದೆ: 6ನೇ ತಂತಿಯ 5, 4ನೇ ತಂತಿಯ 7, 1ನೇ ತಂತಿಯ 5. ಎ ಮೈನರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಹಿನ್ನೆಲೆಯಲ್ಲಿ ನುಡಿಯುತ್ತಿರಲಿ. ಮೂರು ನಾಲ್ಕು ಸ್ವರದ ತುಣುಕು ಕಟ್ಟಿ, ಪ್ರತಿ ಸಲವೂ ಈ ಮೂರರಲ್ಲೊಂದಕ್ಕೆ ಬಂದು ನಿಲ್ಲಿ. ಮೇಲೆ ಕೆಳಗೆ ಓಡಿಸುವುದಕ್ಕಿಂತ ಇದು ಎಷ್ಟೋ ಪಾಲು ಉಪಯುಕ್ತ.

ಎರಡನೆಯದಕ್ಕೆ ದಾಟುವುದು

ಎರಡನೇ ಬಾಕ್ಸ್: 6ನೇ ತಂತಿಯಲ್ಲಿ 8 ಮತ್ತು 10; 5, 4ನೇ ತಂತಿಗಳಲ್ಲಿ 7 ಮತ್ತು 10; 3ರಲ್ಲಿ 7 ಮತ್ತು 9; 2, 1ರಲ್ಲಿ 8 ಮತ್ತು 10. ಎಲ್ಲರೂ ಎಡವುವುದು 3ರಿಂದ 2ಕ್ಕೆ ಹೋಗುವಾಗ. ಉಳಿದ ಅಕ್ಕಪಕ್ಕದ ತಂತಿಗಳ ಶ್ರುತಿಯಲ್ಲಿ ಐದು ಫ್ರೆಟ್‌ಗಳ ಅಂತರವಿದ್ದರೆ ಇಲ್ಲಿ ನಾಲ್ಕೇ. ಅದಕ್ಕೇ 2ನೇ ತಂತಿಗೆ ಬಂದೊಡನೆ ಆಕಾರ ಒಂದು ಫ್ರೆಟ್ ಮುಂದೆ ಸರಿಯುತ್ತದೆ. ಎ ಹುಡುಕುವಾಗಲೂ ಅಷ್ಟೇ: 6ನೇ ತಂತಿಯ 5ರಿಂದ 4ನೇ ತಂತಿಗೆ ಎರಡು ಫ್ರೆಟ್ ಮುಂದೆ (7), 4ರಿಂದ 2ನೇ ತಂತಿಗೆ ಮೂರು ಫ್ರೆಟ್ ಮುಂದೆ (10). ಇದು ತಿಳಿದರೆ ಉಳಿದ ಬಾಕ್ಸ್‌ಗಳನ್ನು ನೀವೇ ಬಿಡಿಸಿಕೊಳ್ಳಬಹುದು. ಒಟ್ಟು ಐದು ಇವೆ.

ದಾಟಲು ಸುಲಭದ ಬಾಗಿಲು 3ನೇ ತಂತಿ. 7ರಲ್ಲಿರುವ ಉಂಗುರಬೆರಳನ್ನು ಒತ್ತಡ ಬಿಡದೆ 9ಕ್ಕೆ ಜಾರಿಸಿ. ತೋರುಬೆರಳು ತಾನಾಗಿ 2ನೇ ತಂತಿಯ 8ರ ಬಳಿ ಬರುತ್ತದೆ, ಅಲ್ಲಿಂದ 10ನೇ ಫ್ರೆಟ್‌ನ ಎ ಸ್ವರಕ್ಕೆ ಹೋಗಿ ನಿಲ್ಲಿ.

ಅದೇ 7ನೇ ಫ್ರೆಟ್‌ನಲ್ಲಿ ಬೆಂಡ್ ಕೂಡ ಕಲಿಯಿರಿ. ಉಂಗುರಬೆರಳಿನ ಹಿಂದೆ ಮಧ್ಯದ ಬೆರಳನ್ನೂ ಇಟ್ಟು, ಮಣಿಕಟ್ಟು ತಿರುಗಿಸಿ ತಂತಿಯನ್ನು ಮೇಲಕ್ಕೆ ತಳ್ಳಿ. ಡಿ ಏರಿ ಇ ಆಗಬೇಕು. ಸರಿಯಾಯಿತೇ ಎಂದು ನೋಡಲು 2ನೇ ತಂತಿಯ 5 ನುಡಿಸಿ, ಎರಡೂ ಒಂದೇ ಸ್ಥಾಯಿಯ ಇ. ಹೆಚ್ಚಿನವರ ಬೆಂಡ್ ಗುರಿ ಮುಟ್ಟುವ ಮುನ್ನವೇ ನಿಂತು ಅಪಶ್ರುತಿಯಾಗುತ್ತದೆ.

ಮೊದಲ ಬಾಕ್ಸ್ ಅನ್ನು 3ನೇ ಫ್ರೆಟ್‌ಗೆ ಸರಿಸಿದರೆ ಜಿ ಮೈನರ್, 8ಕ್ಕೆ ಸಿ ಮೈನರ್, 12ಕ್ಕೆ ಇ ಮೈನರ್. ಇ ಮೈನರ್ ತೆರೆದ ತಂತಿಗಳಲ್ಲೂ ಸಿಗುತ್ತದೆ: ಅಲ್ಲಿ ತೋರುಬೆರಳಿನ ಕೆಲಸವನ್ನು ನಟ್ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) ಮಾಡುವುದರಿಂದ 2ನೇ ಫ್ರೆಟ್‌ಗೆ ಮಧ್ಯದ ಬೆರಳು, 3ಕ್ಕೆ ಉಂಗುರಬೆರಳು ಬಳಸಿ.